ಉಡುದಾರದ ದಿಣ್ಣೆ

ತೊರೆಕಲ್ಲಹಳ್ಳಿಯ ಕೆರೆ ಏರಿ ಮುಗಿಯುವಲ್ಲಿ ಎಡಕ್ಕೊಂದು ಬೋಳು ದಿಣ್ಣೆ ಇದೆ. ಮೇಲೆ ಆಳೆತ್ತರದ ಕಲ್ಲಿನ ಶಿಲುಬೆ, ಅದರ ಸುತ್ತ ಮೊಣಕಾಲೆತ್ತರದ ಗೋಡೆ, ಅಷ್ಟೆ. ಬಸ್ಸಿನ ಕಂಡಕ್ಟರು 'ಉಡುದಾರದ ದಿಣ್ಣೆ' ಎಂದೇ ಕೂಗಿ ಇಳಿಸುತ್ತಾನೆ. ಗಂಡಸರು ಸೊಂಟಕ್ಕೆ ಕಟ್ಟುವ ದಾರಕ್ಕೂ ಈ ದಿಣ್ಣೆಗೂ ಏನು ನಂಟು ಎಂದು ಕೇಳಿದರೆ ಊರಿನ ಹಿರಿಯರು ಮೊದಲು ಮಾತು ಬದಲಿಸಲು ನೋಡುತ್ತಾರೆ. ಅದು ಊರಿಗೆ ಮರ್ಯಾದೆ ತರುವ ಸಂಗತಿಯಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಸಮುದ್ರದಾಚೆಯ ಪಾದ್ರಿಯೊಬ್ಬರು ಇಲ್ಲಿ ನೆಲೆಸಿದ್ದರು ಎನ್ನುತ್ತಾರೆ. ಕಾವಿ ಉಟ್ಟು, ಮಾಂಸ ಬಿಟ್ಟು, ವಿಶ್ವಾಸನಾಥ ಸ್ವಾಮಿ ಎಂದು ಹೆಸರಿಟ್ಟುಕೊಂಡು, ನಮ್ಮ ಮಾತನ್ನು ನಮಗಿಂತ ಚೊಕ್ಕವಾಗಿ ಆಡುತ್ತಿದ್ದರಂತೆ. ಅವರಿಂದ ಜ್ಞಾನಸ್ನಾನ ಪಡೆದು ಕ್ರೈಸ್ತರಾದವರಲ್ಲಿ ಮಡಿವಾಳರ ಸವರಮ್ಮ ಒಬ್ಬಳು. ಸ್ವಾಮಿಗಳ ಬಟ್ಟೆ ಒಗೆಯುವ ಭಾಗ್ಯ ತನ್ನದೆಂದು ಅವಳಿಗೆ ಒಳಗೊಳಗೇ ಹೆಮ್ಮೆ. ಒಂದು ವರ್ಷ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ, ಕಾವಿಯ ಮೇಲೆ, ಸೊಂಟ ಬರುವ ಜಾಗದಲ್ಲಿ, ರಕ್ತ ಕಂಡಿತು. ಮರುವಾರ ಕೀವೂ ಇತ್ತು. ಅದೇ ನೀರಿನಲ್ಲಿ ತನ್ನ ಮೂರು ಮಕ್ಕಳ ಬಟ್ಟೆಯನ್ನೂ ಅದ್ದಿದ್ದಳು. ಸ್ವಾಮಿಗಳಿಗೆ ಕುಷ್ಠ ಎಂದು ನೆರೆಮನೆಯವಳ ಕಿವಿಯಲ್ಲಿ ಉಸುರಿದಳು. ಸಂಜೆಯೊಳಗೆ ಊರೆಲ್ಲ ಹಬ್ಬಿತು.

ಮಾರನೆಯ ದಿನ ಊರವರು ಸ್ವಾಮಿಗಳು ಪೂಜೆ ನಡೆಸುತ್ತಿದ್ದ ಗುಡಿಯ ಮುಂದೆ ಸೇರಿದರು. ಜನಕ್ಕೆ ಜಪ ಕಲಿಸುತ್ತಿದ್ದ ಉಪದೇಶಿ ರಾಯಪ್ಪ ಕೈಮುಗಿದು ಕೇಳಿದ: "ಮೈಮೇಲೆ ಗಾಯ ಅದಾ, ಗುರುಗಳೇ? ಇಲ್ಲ ಅಂದ್ಬುಡಿ, ಎಲ್ರೂ ಮನೆಗೋಯ್ತೀವಿ."

"ಇದೆ ರಾಯಪ್ಪ. ಆದರೆ ತೋರಿಸುವಂಥದ್ದಲ್ಲ."

ಅಷ್ಟು ಸಾಕಾಯಿತು. ಅಂದೇ ಅವರನ್ನು ದಿಣ್ಣೆಗೆ ಅಟ್ಟಿದರು. ಅವರಿಗೆ ನೀರು ಕೊಟ್ಟಿದ್ದ ಕೈಗಳೇ ಕಲ್ಲು ಎತ್ತಿಕೊಂಡವಂತೆ; ನಂಬುವುದು ಕಷ್ಟ, ಆದರೆ ನಡೆದದ್ದು ಹಾಗೆ. ಸವರಮ್ಮ ದಿನವೂ ದೂರದಲ್ಲಿ ಅಂಬಲಿ ಇಟ್ಟು ಬರುತ್ತಿದ್ದಳು. ಅವರು ಅಲ್ಲಿಂದಲೇ ಕೈಯೆತ್ತಿ ಹರಸುತ್ತಿದ್ದರು. ಒಂಬತ್ತನೆಯ ದಿನ ಹಿಂದಿನ ದಿನದ ಅಂಬಲಿ ಇಟ್ಟಲ್ಲೇ ಇತ್ತು.

ಹೆಣ ಮುಟ್ಟಲು ಯಾರೂ ಬರಲಿಲ್ಲ. ರೋಗದ ಬಟ್ಟೆ ಮುಟ್ಟಿದವಳಿಗೆ ಇನ್ನೇನು ಭಯ ಎಂದು ಸವರಮ್ಮನೇ ರಾಯಪ್ಪನ ಜೊತೆ ಹೋದಳು. ಮೈ ತೊಳೆಯಲು ಕಾವಿ ಸರಿಸಿದಳು. ಕುಷ್ಠದ ಗುರುತು ಎಲ್ಲಿಯೂ ಇರಲಿಲ್ಲ. ಉಡುದಾರ ಇರಬೇಕಾದ ಕಡೆ ಕಬ್ಬಿಣದ ಸರಪಳಿ. ಅದರ ಮೊನೆಗಳೆಲ್ಲ ಒಳಮುಖವಾಗಿ ಮಾಂಸದಲ್ಲಿ ನೆಟ್ಟಿದ್ದವು. ಸುತ್ತಲೂ ನಂಜೇರಿ ಕಪ್ಪಾಗಿತ್ತು. ಕ್ರಿಸ್ತನ ಪಾಡನ್ನು ನೆನೆದು ತಮ್ಮ ಕೈಯಾರೆ ಕಟ್ಟಿಕೊಂಡಿದ್ದರು. ಹೇಳಿಕೊಂಡರೆ ತಪಸ್ಸು ಡಂಭವಾದೀತೆಂದು ಜೀವ ಹೋದರೂ ಬಾಯಿ ಬಿಟ್ಟಿರಲಿಲ್ಲ.

"ನಾನೇ ಕೊಂದ್ಬುಟ್ಟೆ ಕಣಣ್ಣ" ಎಂದಳು ಸವರಮ್ಮ. ಊರಿಗೆ ಬಂದು ಮನೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದಳು.

ಸ್ವಾಮಿಗಳನ್ನು ಅಲ್ಲಿಯೇ ಮಣ್ಣು ಮಾಡಿದರು. ಸುದ್ದಿ ಕೇಳಿ, ನಿಜವಾಗಿಯೂ ಕುಷ್ಠ ಹತ್ತಿ ತಮ್ಮ ತಮ್ಮ ಊರುಗಳಿಂದ ಅಟ್ಟಿಸಿಕೊಂಡವರು ಒಬ್ಬೊಬ್ಬರಾಗಿ ಬಂದು ದಿಣ್ಣೆಯ ಬುಡದಲ್ಲಿ ಗುಡಿಸಲು ಹಾಕಿಕೊಂಡರು. ಈ ಸಲ ಅವರನ್ನು ಓಡಿಸುವ ಧೈರ್ಯ ಯಾರಿಗೂ ಬರಲಿಲ್ಲ. ಇಂದು ಶಿಲುಬೆಗೆ ಮೇಣದಬತ್ತಿ ಹಚ್ಚಿ ಇಳಿಯುವವರಿಗೆ ನೀರಿನಂಚಿನಲ್ಲಿ ಒಗೆಯುವ ಕಲ್ಲೊಂದು ಕಾಣುತ್ತದೆ. ನಡುವೆ ತೊಟ್ಟಿಲಿನಂತೆ ಸವೆದಿದೆ. ಆ ಗುಡಿಸಲುಗಳ ಬಟ್ಟೆಯನ್ನು ಸವರಮ್ಮ ಸಾಯುವ ತನಕ, ಮೂವತ್ತು ವರ್ಷ, ಆ ಕಲ್ಲಿನ ಮೇಲೆ ಒಗೆದಳು ಎನ್ನುತ್ತಾರೆ.