ದಾವಲಸಾಬರ ಅಳತೆ

ರಾಣೆಬೆನ್ನೂರಿನ ಟೈಲರ್ ದಾವಲಸಾಬರ ಖಾತೆಯಲ್ಲಿ ಮಷಿನ್ ಸಾಲದ ಕಂತಿಗೆ ನಲವತ್ತು ರೂಪಾಯಿ ಕಡಿಮೆಯಿತ್ತು. ಬ್ಯಾಂಕು ಅದೇ ವಾರ ಮೂರು ಸಲ ಕಂತು ಎಳೆಯಲು ನೋಡಿ, ಸಲಕ್ಕೆ ಐನೂರರಂತೆ ದಂಡ ಹಾಕಿತು. ಕೇಳಲು ಹೋದರೆ, "ರೂಲ್ಸ್ ಅಂದ್ರೆ ರೂಲ್ಸ್" ಎಂದರು ಮ್ಯಾನೇಜರು.

ಮುಂದೊಂದು ದಿನ ಅದೇ ಮ್ಯಾನೇಜರು ಹೊಲಿಯಲು ಕೊಟ್ಟಿದ್ದ ಪ್ಯಾಂಟು ಕೇಳಿಕೊಂಡು ಬಂದರು. ದಾವಲಸಾಬರು ಬಟ್ಟೆಯನ್ನು ಹಾಗೇ ವಾಪಸು ಕೊಟ್ಟು, "ಸಾವಿರದೈನೂರು ಕೊಡ್ರಿ ಸಾಹೇಬ್ರ" ಎಂದರು.

"ಹೊಲಿದೇ ಇಲ್ಲ, ಯಾತರ ದುಡ್ಡು?"

"ಬಟ್ಟಿ ನಾಕಿಂಚು ಕಡಿಮಿ ಬಿತ್ರಿ. ಮೂರು ಸಲ ಅಳತಿ ಮಾಡೀನಿ, ಸಲಕ್ಕ ಐನೂರು."

"ಮತ್ತ ಮತ್ತ ಅಳೆದ್ರ ಬಟ್ಟಿ ಬೆಳೀತದೇನು?" ಮ್ಯಾನೇಜರು ಕಿರುಚಿದರು.

"ಈ ಮಾತು ಬ್ಯಾಂಕಿನಾಗ ಹೇಳಿದ್ರ ನನ್ನ ದುಡ್ಡು ಉಳೀತಿತ್ತಲ್ರಿ!"

ಅಂಗಡಿ ತುಂಬ ನಗು. ಮರುದಿನ ದಂಡ ವಾಪಸಾಯಿತು. ಪ್ಯಾಂಟಿಗೆ ಮಾತ್ರ ಮ್ಯಾನೇಜರು ಬೇರೆ ಟೈಲರನ್ನು ಹುಡುಕಿಕೊಂಡರು.