ಟಗರು ಕಾಶಿಯಲ್ಲಿ ಬಿಟ್ಟದ್ದು

ಕುರಿಗಳ ಭಾಷೆ ಬಲ್ಲವನು ಮೂರು ಲೋಕಕ್ಕೂ ನಾನೊಬ್ಬನೇ. ಆದ್ದರಿಂದ ಇದನ್ನು ನೀವು ನಂಬಲೇಬೇಕು.

ಸಿಟ್ಟಿನ ಟಗರೊಂದು ತನ್ನ ಮರಿಯನ್ನೇ ಗುದ್ದಿ ಕಾಲು ಮುರಿಯಿತು. "ಕಾಶಿಗೆ ಹೋಗಿ ಆ ಸಿಟ್ಟನ್ನು ಅಲ್ಲೇ ಬಿಟ್ಟು ಬನ್ನಿ, ಆಮೇಲೆ ಈ ಹಟ್ಟಿಯೊಳಗೆ ಕಾಲಿಡಿ" ಎಂದಿತು ಹೆಂಡತಿ ಕುರಿ. ಕಾಶಿಗೆ ಹೋದವರು ತಮಗೆ ಪ್ರಿಯವಾದುದೊಂದನ್ನು ಬಿಟ್ಟು ಬರುವುದು ವಾಡಿಕೆ ತಾನೇ!

ಟಗರು ಹೋಯಿತು, ದಾರಿಯಲ್ಲಿ ಯೋಗವನ್ನೂ ಕಲಿಯಿತು. ಕೊಂಬಿಗೆ ತೂಗುಹಾಕಿ ತಂದ ಗಂಗೆಯ ತಂಬಿಗೆಯನ್ನು ಹಟ್ಟಿಯ ಮುಂದಿಳಿಸಿ ಶೀರ್ಷಾಸನ ಹಾಕಿತು.

"ನೋಡೇ, ಈಗ ನಾನು ಪರಮ ಶಾಂತ!"

"ಕಾಶಿಯಲ್ಲಿ ಏನು ಬಿಟ್ಟಿರಿ?"

"ಹಾಗಲಕಾಯಿ."

"ಹಾಗಲಕಾಯಿಯನ್ನು ನೀವು ಮೂಸಿಯೂ ನೋಡಿದವರಲ್ಲ! ಸಿಟ್ಟು ಎಲ್ಲಿ?"

"ಸಿಟ್ಟು ಬಿಟ್ಟರೆ ನನ್ನನ್ನು ಯಾರು ಟಗರು ಅಂತಾರೆ? ಯಾತ್ರೆ ಮಾಡಿ ಬಂದವನನ್ನೇ ಬಾಗಿಲಲ್ಲಿ ನಿಲ್ಲಿಸಿ ಕೇಳ್ತೀಯಾ?" ಎಂದು ಟಗರು ಹಿಂದೆ ಸರಿದು, ಓಡಿ ಬಂದು ಬಾಗಿಲಿಗೆ ಗುದ್ದಿತು. ತಂಬಿಗೆ ಉರುಳಿ ಗಂಗೆಯೆಲ್ಲ ಮಣ್ಣುಪಾಲಾಯಿತು. ಕುಂಟು ಮರಿ ತಾಯಿಯ ಹೊಟ್ಟೆಯಡಿ ಸೇರಿತು.

"ನೀವು ಹಾಗಲಕಾಯಿ ಬಿಟ್ಟಿರಿ. ನಾನು ಯಾವ ಕಾಶಿಗೂ ಹೋಗದೆ ನಿಮ್ಮನ್ನೇ ಬಿಟ್ಟೆ" ಎಂದು ಕುರಿ ಒಳಗಿನಿಂದ ಅಗುಳಿ ಹಾಕಿತು.