ಅಳು ನಿಂತ ಕೂಸು

ಹೊಳೆಯ ದಂಡೆಗೆ ಒಂದು ಮಠವಿತ್ತು. ಅಲ್ಲಿ ಯಾರಿಗೂ ತನ್ನದೆಂಬ ಚಾಪೆ ಇರಲಿಲ್ಲ. ಇವತ್ತು ಒಬ್ಬ ಮಲಗಿದ ಚಾಪೆಯಲ್ಲಿ ನಾಳೆ ಇನ್ನೊಬ್ಬ ಮಲಗಬೇಕು. ಯಾವುದರ ಮೇಲೂ ಮೋಹ ಹತ್ತಬಾರದೆಂದು ಗುರುಗಳು ಹಾಕಿದ ನಿಯಮ ಅದು. ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಒಂದು ಮುಂಜಾನೆ ಅಂಬಿಗರ ದುರಗಪ್ಪ ಬಂದ. ಹೆಂಡತಿ ಸತ್ತು ಇನ್ನೂ ತಿಂಗಳಾಗಿರಲಿಲ್ಲ. ಬಗಲಲ್ಲಿ ಕೂಸಿತ್ತು. ಹೆಣ್ಣು. ಈಗಷ್ಟೇ ಕೂಡಲು ಕಲಿತಿತ್ತು. ಹೆಸರು ಹೊನ್ನಿ.

"ಇದನ್ನ ಇಟ್ಕೊಳ್ರಿ ಅಜ್ಜಾರ," ಅಂದ.

"ಯಾಕ?"

"ಬಾಗಿಲ ಕಡೆ ನೋಡ್ತೈತ್ರಿ. ದಿನಾ ನೋಡ್ತೈತಿ. ಅಕಿ ಬರ್ತಾಳಂತ." ಕೂಸಿನ ತಲೆ ಸವರಿದ. "ನನ್ನ ಕೈಲೆ ಆಗೂದಿಲ್ರಿ."

ಕೂಸನ್ನು ನೆಲಕ್ಕೆ ಕೂಡಿಸಿ ಹೋದ. ತಿರುಗಿ ನೋಡಲಿಲ್ಲ. ಕೂಸು ಅತ್ತಿತು.

ಅಜ್ಜಾರು ಶಿಷ್ಯ ಅಡವಯ್ಯನನ್ನು ಕರೆದರು. ಹಿರಿಯ ಶಿಷ್ಯ. ತಂದೆ ತಾಯಿ ಬಿಟ್ಟು ಬಂದವನು.

"ನೋಡ್ಕೋ," ಅಂದರು. ಮರುದಿನ ತಾವು ಊರೂರು ಭಿಕ್ಷೆಗೆ ಹೊರಟರು.

ಕೂಸು ಹೆಗಲಿಗೆ ಮುಖ ಒತ್ತಿದಾಗ ಅಡವಯ್ಯನಿಗೆ ಅಂಜಿಕೆಯಾಯಿತು. ಇಂಥ ಮೋಹ ಬಿಡಲಿಕ್ಕೇ ಅಲ್ಲವೇ ತಾನು ಮಠಕ್ಕೆ ಬಂದದ್ದು.

ಚಾಪೆಯ ನಿಯಮ ನೆನಪಾಯಿತು. ಕೂಸಿಗೂ ಪಾಳಿ ಹಚ್ಚಿದ. ಇವತ್ತು ಒಬ್ಬ ಶಿಷ್ಯ, ನಾಳೆ ಇನ್ನೊಬ್ಬ. ಹೊತ್ತಿಗೆ ಸರಿಯಾಗಿ ಹಾಲು. ಹೊತ್ತಿಗೆ ಸರಿಯಾಗಿ ಎರೆಯುವುದು. ಯಾರಿಗೂ ಮೋಹವಿಲ್ಲ.

ಮೊದಮೊದಲು ಕೂಸು ಎತ್ತಿಕೊಂಡವರ ಮುಖ ನೋಡುತ್ತಿತ್ತು, ಅಳುತ್ತಿತ್ತು. ಆಮೇಲೆ ಮುಖ ನೋಡುವುದನ್ನು ಬಿಟ್ಟಿತು. ಆಮೇಲೆ ಅಳುವುದನ್ನೂ ಬಿಟ್ಟಿತು.

ಅಜ್ಜಾರು ತಿರುಗಿ ಬಂದಾಗ ಅಡವಯ್ಯ ಅಂಗಳಕ್ಕೇ ಬಂದ.

"ಅಜ್ಜಾರ, ಕೂಸು ಈಗ ಅಳೂದಿಲ್ರಿ. ಯಾರು ಎತ್ತಿದರೂ ಅಷ್ಟ, ಯಾರು ಇಳಿಸಿ ಹೋದರೂ ಅಷ್ಟ. ನಮಗ ಇಷ್ಟು ವರ್ಷ ಕುಂತರೂ ಸಿಗದ್ದು ಅದಕ್ಕ ಸಿಕ್ಕೈತಿ."

"ಹಾಲು ಕುಡೀತೈತೇನು?"

"ಹಾಕಿದ್ದು ಹಾಕಿದಂಗ ಬಾಯಿಂದ ಹೊರಗ ಬರ್ತೈತ್ರಿ."

ಅಜ್ಜಾರು ಕೋಲು, ಜೋಳಿಗೆ ಅಲ್ಲೇ ಬಿಟ್ಟು ಒಳಗೆ ಹೋದರು.

ಕೂಸು ಚಾಪೆಯ ಮೇಲಿತ್ತು. ತೊಡೆ ಬತ್ತಿದ್ದವು. ಅಜ್ಜಾರು ಮುಖ ಹತ್ತಿರ ಒಯ್ದರು. ಕೂಸಿನ ಕಣ್ಣು ಅವರ ಮುಖ ದಾಟಿ ಗೋಡೆಗೆ ಹೋಯಿತು. ಬಾಗಿಲು ಕಿರ್ ಅಂದಿತು. ಕೂಸು ತಿರುಗಲಿಲ್ಲ.

"ಇದು ಬಾಗಿಲ ನೋಡ್ತಿತ್ತು," ಅಂದರು.

"ಈಗ ನೋಡೂದಿಲ್ರಿ."

"ಹೌದು. ಸಾಯಾಕ ಹತ್ತೈತಿ, ಅಡವಯ್ಯ."

ಅಡವಯ್ಯ ನಿಂತಲ್ಲೇ ನಿಂತ. "ನಾ ನಿಮ್ಮ ನಿಯಮಾನ ಪಾಲಿಸೀನ್ರಿ."

"ನಿಯಮ ಚಾಪಿಗೆ ಹಾಕಿದ್ದೆ."

ಕೂಸಿನ ತೊಡೆ ಮುಟ್ಟಿ ನೋಡಿ ಮತ್ತೆ ಅಂದರು: "ಯಾರರ ಬರ್ತಾರ ಅಂತಿದ್ದರ ಕೂಸು ಅಳ್ತೈತಿ. ಯಾರೂ ಬರೂದಿಲ್ಲಂತ ತಿಳದ ಮ್ಯಾಲೆ ಯಾರನ್ನ ಕರೀಬೇಕು?"

ಮೈಮೇಲಿನ ಶಾಲು ತೆಗೆದು ಕೂಸನ್ನು ಅಡವಯ್ಯನ ಎದೆಗೆ ಕಟ್ಟಿದರು. ಗಂಟು ಬಿಗಿ ಮಾಡಿದರು.

"ಇನ್ನ ಇದು ಬ್ಯಾರೆಯವರ ಕೈಗೆ ಹೋಗೂದಿಲ್ಲ. ನಿನಗ ಪೂಜಿ ಬ್ಯಾಡ, ಜಪ ಬ್ಯಾಡ."

"ಮೋಹ ಹತ್ತತೈತ್ರಿ."

"ಹತ್ತಲಿ."

"ಅದಕ್ಕ ಹತ್ತದಿದ್ದರ?"

"ಮಣ್ಣು ಮಾಡ್ತೀವಿ."

ಅಡವಯ್ಯ ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿದ. ಹೊರಗೆ ಬಂತು. ಮತ್ತೆ ಹಿಡಿದ. ಮಾತಾಡಿದ. ಮಾತು ಮುಗಿದವು. ತನ್ನ ತಾಯಿ ಹಾಡುತ್ತಿದ್ದ ಜೋಗುಳ ಅರ್ಧ ಮರೆತಿದ್ದ. ಉಳಿದರ್ಧವನ್ನೇ ಹಾಡಿದ.

ಅಡುಗೆ ಮಾಡುವ ಶಿಷ್ಯ ಬಸಲಿಂಗ ಬಾಯಿಬಡಕ. "ಏನವ್ವಾ ಅಡವವ್ವ, ಬಾಣಂತನ ಹೆಂಗ ನಡದೈತಿ?" ಅಂದ.

"ಸಾರಿಗೆ ಖಾರ ಕಡಿಮಿ ಹಾಕು. ಬಾಣಂತಿಗೆ ಆಗೂದಿಲ್ಲ," ಅಂದ ಅಡವಯ್ಯ. ನಗಲಿಲ್ಲ.

ಹಾಲು ಗುಟುಕು ಗುಟುಕಾಗಿ ಒಳಗಿಳಿಯತೊಡಗಿತು. ಮಳೆಗಾಲ ಮುಗಿಯಿತು. ಒಂದು ದಿನ ಕೂಸನ್ನು ಕಟ್ಟೆಯ ಮೇಲೆ ಕೂಡಿಸಿ ಅಡವಯ್ಯ ಕೊಡ ಹಿಡಿದು ಹೊಳೆಗೆ ಇಳಿದ. ಹಿಂದೆ ಅಳು ಕೇಳಿತು.

ಕೊಡ ಬಿಟ್ಟು ಓಡಿ ಬಂದ. ಎತ್ತಿಕೊಂಡ. ಅಳು ನಿಂತಿತು. ಕೂಸು ಅವನ ಕಿವಿ ಹಿಡಿದುಕೊಂಡಿತ್ತು.

ಒಳಗೆ ಅಜ್ಜಾರು ಜಪ ನಿಲ್ಲಿಸಿ ಕೇಳುತ್ತಿದ್ದರು.

ಕೂಸು ಮೈ ತುಂಬಿಕೊಂಡಿತು. ಅಂಬೆಗಾಲಲ್ಲಿ ಅಡವಯ್ಯನ ಹಿಂದೆ ಹಿಂದೆ ತಿರುಗಿತು. ಹೊಸಬರು ಬಂದರೆ ಅವನ ಕಾಲ ಹಿಂದಿನಿಂದ ಇಣುಕಿತು.

ಆಗ ದುರಗಪ್ಪ ಬಂದ. ಗಡ್ಡ ಬೆಳೆದಿತ್ತು.

"ಮನ್ಯಾಗ ಬಾಗಿಲ ನೋಡಾವ್ರು ಯಾರೂ ಇಲ್ರಿ ಈಗ," ಅಂದ. "ನಾನ ನೋಡ್ತೀನಿ."

ಕೈ ಚಾಚಿದ. "ಹೊನ್ನೀ, ಬಾ."

ಕೂಸು ಚೀರಿತು. ಅಡವಯ್ಯನ ಕುತ್ತಿಗೆ ಬಿಗಿಯಾಗಿ ಹಿಡಿಯಿತು. ದುರಗಪ್ಪನ ಕೈ ಹಾಗೇ ಉಳಿಯಿತು.

"ನನ್ನ ಗುರ್ತ ಉಳದಿಲ್ಲ ಅದಕ್ಕ," ಅಂದ.

ಅಡವಯ್ಯ ಅಜ್ಜಾರ ಕಡೆ ನೋಡಿದ. "ಕೂಸು ಇಲ್ಲೇ ಇರಲಿ ಬಿಡ್ರಿ."

"ಯಾರ ಸಲುವಾಗಿ?"

ಅಡವಯ್ಯ ಕುತ್ತಿಗೆಯಿಂದ ಕೂಸಿನ ಕೈ ಬಿಡಿಸಲು ಹೋದ. ಆಮೇಲೆ ಅಂದ: "ಹಂಗಾದರ ಈಗ ಕಿತ್ತು ಕೊಡ್ತೀನ್ರಿ. ಲಗೂನ ಮುಗೀಲಿ."

"ಒಮ್ಮೆ ಅಳು ನಿಂತದ್ದು ಮರತೇನು?"

ಅಡವಯ್ಯ ಕೈಯನ್ನು ಕೂಸಿನ ಬೆನ್ನ ಮೇಲಿಟ್ಟ.

"ನೀನೂ ಹೋಗು," ಅಂದರು ಅಜ್ಜಾರು. "ಅವನ ಗುಡಿಸಲದಾಗ ಇರು. ಹಾಲು ಅವನ ಕೈಲೆ ಕುಡಿಸು, ನೀ ಬಾಜೂಕ ಕೂಡು. ಆಮ್ಯಾಲೆ ಸ್ವಲ್ಪ ದೂರ ಕೂಡು. ಆಮ್ಯಾಲೆ ಬಾಗಿಲ ಹೊರಗ ಕೂಡು."

"ಎಲ್ಲೀತನಕ?"

"ನೀ ಎದ್ದು ಹೋದಾಗ ಅದು ಅಳಬೇಕು. ಅತ್ತು, ಅವನ ಹೆಗಲಿಗೆ ಮುಖ ಒತ್ತಬೇಕು. ಅಲ್ಲೀತನಕ."

ದುರಗಪ್ಪ ಅಂಗಳದಲ್ಲಿ ಕಾಯುತ್ತಿದ್ದ. ಅಡವಯ್ಯ ಕೂಸಿನ ನೆತ್ತಿಯ ಮೇಲೆ ಗದ್ದ ಇಟ್ಟು ಬಹಳ ಹೊತ್ತು ನಿಂತ.

"ಆಮ್ಯಾಲೆ ನಾ ಏನ ಮಾಡ್ಲಿ ಅಜ್ಜಾರ?"

"ಮಠಕ್ಕ ಬಾ. ಒಂದು ಚಾಪಿ ನಿನ್ನದ ಅಂತ ತೆಗೆದಿಟ್ಟಿರ್ತೀನಿ."